ಬೆಲ್ಲ ತಿಂದು ಹೇಳಿದ ಮಾತು

ಸೇಡಂ ಬಸ್ ಸ್ಟ್ಯಾಂಡಿನ ಎದುರಿಗೆ ಹೊಸದಾಗಿ ಒಂದು ಚಹಾದಂಗಡಿ ಆಗಿದೆ. ಹಸಿರು ಬೋರ್ಡು, ಬೋರ್ಡಿನ ಮೂಲೆಯಲ್ಲಿ ಒಂದು ಎಲೆಯ ಚಿತ್ರ, ನಡುವೆ ದೊಡ್ಡದಾಗಿ 'ಬೆಲ್ಲದ ಚಹಾ, ಆರೋಗ್ಯಕ್ಕೆ ಅಮೃತ' ಎಂದು ಬರೆದಿದೆ. ಸುಲೇಪೇಟದ ಬಸ್ಸಿಗೆ ಕಾಯುತ್ತ ನಿಂತಿದ್ದ ನಾನು ಹೊತ್ತು ಹೋಗಲೆಂದು ಆ ಕಡೆ ಹೋದೆ. ಕುದಿಯುವ ಬೆಲ್ಲದ ವಾಸನೆ ಬಡಿದದ್ದೇ ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಅಂಗಡಿಯವನು ನನ್ನ ಮುಖ ನೋಡಿ, ಸಕ್ಕರೆ ಚಹಾ ಬೇಕಿದ್ದರೆ ಆಚೆ ಹೋಗಬೇಕೆಂದೂ, ತನ್ನಲ್ಲಿ ಅಂಥ ವಿಷ ಇಡುವುದಿಲ್ಲವೆಂದೂ ಹೇಳಿದ. ನಾನು ಒಂದು ಲೋಟ ನೀರು ಕೇಳಿ ಕುಡಿದು, ದೂರ ಹೋಗಿ ಕಲ್ಲಿನ ಬೆಂಚಿನ ಮೇಲೆ ಕುಳಿತೆ.

ಬೆಂಚು ನಮ್ಮ ಕಡೆಯ ಶಹಾಬಾದಿ ಫರ್ಸಿ ಕಲ್ಲಿನದೇ. ಫರ್ಸಿಯ ಅಂಚಿನ ಮೇಲೆ ಬೆರಳಾಡಿಸಿದರೆ ಅದನ್ನು ನೀರು ಹಾಯಿಸಿ ಕೊಯ್ದಿದ್ದಾರೋ ನೀರಿಲ್ಲದೆ ಒಣದೇ ಕೊಯ್ದಿದ್ದಾರೋ ನಾನು ಹೇಳಬಲ್ಲೆ. ಇದೊಂದನ್ನು ಬಿಟ್ಟರೆ ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ಇದನ್ನು ಒಣದೇ ಕೊಯ್ದಿದ್ದರು. ಕೊಯ್ದವನು ಈಗ ಎಲ್ಲಿದ್ದಾನೋ, ಎಷ್ಟು ಮೆಟ್ಟಿಲು ಹತ್ತಿದರೆ ಅವನಿಗೆ ಉಸಿರು ಕಟ್ಟುತ್ತದೋ ಎಂದುಕೊಂಡೆ.

ನೀವು ಕೇಳಬಹುದು, ಬೆಲ್ಲದ ಮೇಲೆ ಯಾರಿಗಾದರೂ ಸಿಟ್ಟಿರುತ್ತದೆಯೇ ಎಂದು. ಹಬ್ಬದ ಹೋಳಿಗೆಯಲ್ಲಿ ನನ್ನ ಹೆಂಡತಿ ಅದನ್ನು ಹಾಕಿದರೆ ನಾನು ಬಾಯಿ ಮುಚ್ಚಿಕೊಂಡು ನುಂಗುತ್ತೇನೆ. ಆದರೆ ಬರೀ ಬೆಲ್ಲದ ಉಂಡೆ ಕೈಯಲ್ಲಿ ಹಿಡಿಯಲಾರೆ. ಕಾರಣ ಹೇಳಬೇಕೆಂದರೆ ನನ್ನ ತಂಗಿಯ ವಿಷಯ ಹೇಳಬೇಕು. ತಂಗಿಯ ವಿಷಯ ಹೇಳಬೇಕೆಂದರೆ ನನ್ನ ಬಗ್ಗೆ ನೀವು ಇಟ್ಟುಕೊಂಡಿರಬಹುದಾದ ಸ್ವಲ್ಪ ಒಳ್ಳೆಯ ಅಭಿಪ್ರಾಯವನ್ನು ಕೆಡಿಸಬೇಕಾಗುತ್ತದೆ.

ಶಹಾಬಾದ್ ಮತ್ತು ಭಂಕೂರದ ಆಸುಪಾಸಿನ ಹಳ್ಳಿ ನಮ್ಮದು. ಹೆಸರು ಬೇಡ, ಸುತ್ತ ಕಲ್ಲಿನ ಖಣಿಗಳಿರುವ ಊರು ಎಂದರೆ ಸಾಕು, ಆ ಕಡೆಯ ಯಾವ ಊರಾದರೂ ಆಗಬಹುದು. ತಂಗಿ ಸುಜಾತಾ ನನಗಿಂತ ಬಹಳ ಚಿಕ್ಕವಳು. ನಮ್ಮಪ್ಪ ಬೌದ್ಧನಾದ ಮೇಲೆ ಹುಟ್ಟಿದವಳಾದ್ದರಿಂದ ಅವಳಿಗೆ ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು. ನಾನು ಅದಕ್ಕೂ ಮೊದಲೇ ಹುಟ್ಟಿ ಊರದೇವರ ಹೆಸರು ಹೊತ್ತುಕೊಂಡಿದ್ದೆ. ಅಪ್ಪನ ಹೊಸ ತಿಳಿವಳಿಕೆಯೆಲ್ಲ ಅವಳ ಪಾಲಿಗೆ ಬಂತು, ಹಳೆಯ ಹೆದರಿಕೆಯೆಲ್ಲ ನನ್ನ ಪಾಲಿಗೆ. ತಂಗಿಯನ್ನು ಓದಿಸಲಿಕ್ಕೆಂದು ನಾನು ಶಾಲೆ ಬಿಟ್ಟು ಖಣಿಗೆ ಹೋದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನನ್ನ ಮದುವೆಯ ಮಾತುಕತೆಯಲ್ಲೂ ಅದನ್ನೇ ಹೇಳಿದ್ದರು. ಖರೆ ಸಂಗತಿ ಏನೆಂದರೆ ಭಾಗಾಕಾರ ನನ್ನ ತಲೆಗೆ ಹತ್ತಲಿಲ್ಲ, ಮಾಸ್ತರರ ಬೆತ್ತ ಮಾತ್ರ ಮೈಗೆ ಹತ್ತಿತು. ಆಗ ಸುಜಾತಾ ಇನ್ನೂ ತೊಟ್ಟಿಲಲ್ಲಿದ್ದಳು. ತೊಟ್ಟಿಲಲ್ಲಿದ್ದ ಕೂಸಿನ ತಲೆಯ ಮೇಲೆ ನಾನು ಇಂಥ ದೊಡ್ಡ ಉಪಕಾರ ಹೊರಿಸಿಬಿಟ್ಟೆ.

ಅವಳು ಓದಿದಳು, ಮದುವೆಯಾದಳು, ಗಂಡ ಬೇಗ ತೀರಿಕೊಂಡದ್ದರಿಂದ ತಿರುಗಿ ನಮ್ಮ ಮನೆಗೇ ಬಂದಳು. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗ್ರಂಥಾಲಯವೆಂದರೆ ಪಂಚಾಯಿತಿಯ ಅಂಗಳದ ಬದಿಗೆ ರೇಷನ್ ಅಂಗಡಿಗೆ ಹೊಂದಿಕೊಂಡ ಒಂದು ಖೋಲಿ, ಎರಡು ಕಪಾಟು, ಒಂದು ಉದ್ದನೆಯ ಮೇಜು. ಅಲ್ಲಿಯತನಕ ಅಲ್ಲಿಗೆ ಬರುತ್ತಿದ್ದವರು ಪೇಪರಿನಲ್ಲಿ ನೌಕರಿಯ ಜಾಹೀರಾತು ಹುಡುಕುವ ಒಂದಿಬ್ಬರು ಹುಡುಗರು ಮತ್ತು ಫ್ಯಾನಿನ ಕೆಳಗೆ ಮಲಗಲಿಕ್ಕೆ ಬರುವ ಒಬ್ಬ ನಿವೃತ್ತ ಜವಾನ.

ಓದಲು ಬಾರದವರಿಗೆ ಗ್ರಂಥಾಲಯ ಯಾಕೆ ಇರಬಾರದು ಎಂಬ ಹುಳ ಅವಳ ತಲೆಯಲ್ಲಿ ಯಾವಾಗ ಹೊಕ್ಕಿತೋ ತಿಳಿಯದು. ಸಂಜೆ ಹೊತ್ತು ಬಾಗಿಲು ತೆರೆದಿಟ್ಟು, ಹೊರಗಿನ ಕಟ್ಟೆಯ ಮೇಲೆ ಕುಳಿತವರಿಗೆ ಕೇಳುವಂತೆ ಪೇಪರು ಓದತೊಡಗಿದಳು. ಪೇಪರು ಮುಗಿದ ಮೇಲೆ ಯಾರಿಗೆ ಏನು ಬೇಕೋ ಅದು. ಹೆಚ್ಚಿನವರಿಗೆ ಬೇಕಾಗಿದ್ದದ್ದು ಅವರವರ ಜಡ್ಡಿನ ಸುದ್ದಿ. ಒಬ್ಬ ಮುದುಕಿ ಗುಳಿಗೆಯ ಚೀಟಿ ಹಿಡಿದು ಬಂದು ಇದು ಯಾತಕ್ಕೆ ಎಂದು ಕೇಳಿದಳು. ಬಿಪಿಗೆ ಎಂದು ಸುಜಾತಾ ಹೇಳಿದಾಗ, ಹಾಗಾದರೆ ಅರ್ಧ ಗುಳಿಗೆ ತನ್ನ ನೆಗೆಣ್ಣಿಗೆ ಕೊಡುವುದು ಸರಿಯೇ ಆಯಿತು, ಇಬ್ಬರಿಗೂ ಬಿಪಿ ಏರುವುದು ಒಬ್ಬರನ್ನೊಬ್ಬರು ನೋಡಿದಾಗಲೇ ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸುಜಾತಾ ನಗಲಿಲ್ಲ. ತಾನು ಡಾಕ್ಟರಲ್ಲ, ಬರೆದದ್ದನ್ನು ಓದುವವಳು ಮಾತ್ರ ಎಂದು ಹೇಳಿ, ಚೀಟಿಯಲ್ಲಿದ್ದದ್ದನ್ನು ಮತ್ತೊಮ್ಮೆ ನಿಧಾನವಾಗಿ ಓದಿದಳು. ಗೊತ್ತಾಗದ್ದನ್ನು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ಕೇಳುತ್ತಿದ್ದಳು.

ಹೆಂಗಸರು ಕಟ್ಟೆಯ ಮೇಲೆ ಕೇಳಲಾಗದ್ದನ್ನು ಒಳಗೆ ಬಂದು ಕೇಳುತ್ತಿದ್ದರು. ಆಮೇಲೆ ಗಂಡಸರೂ ಬಂದರು. ಅದಕ್ಕೆ ಅವಳು ಒಂದು ಕಟ್ಟಳೆ ಮಾಡಿಕೊಂಡಿದ್ದಳು. "ಇಲ್ಲಿ ಯಾರ್ ಏನ್ ಕೇಳಿದರೂ ಅದು ಹೊಸ್ತಿಲ ದಾಟಂಗಿಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, ಇವತ್ತು ಯಾರು ಬಂದಿದ್ದರು, ಏನು ಕೇಳಿದರು ಎಂದು ಎಷ್ಟು ಪುಸಲಾಯಿಸಿದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ಇಂಥ ನಾದಿನಿ ಇದ್ದರೇನು, ಬಿಟ್ಟರೇನು ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ಈ ಕಟ್ಟಳೆಯ ದೊಡ್ಡ ಲಾಭ ಪಡೆದವನು ನಾನು.

ಕಲ್ಲು ಕೊಯ್ಯುವ ಮಷೀನಿನ ಮೇಲೆ ನೀರು ಬಿಡಬೇಕು. ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ನೀರಿಲ್ಲ, ಕರೆಂಟಿದ್ದಾಗ ಪಂಪು ಕೆಟ್ಟಿರುತ್ತದೆ, ಹೀಗೆ ಏನಾದರೊಂದು ನೆವದಿಂದ ನಾವು ವರ್ಷದ ಬಹುಪಾಲು ಒಣದೇ ಕೊಯ್ಯುತ್ತಿದ್ದೆವು. ಸಂಜೆ ಕೆಲಸ ಬಿಡುವ ಹೊತ್ತಿಗೆ ನಮ್ಮ ಹುಬ್ಬು, ಮೀಸೆ, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ. ಆಗ ಖಣಿಯ ಒಡೆಯರಾದ ಸಾಹುಕಾರರು ಗೇಟಿನ ಹತ್ತಿರ ಒಂದು ಬುಟ್ಟಿ ಇಡಿಸುತ್ತಿದ್ದರು. ಅದರಲ್ಲಿ ಒಡೆದ ಬೆಲ್ಲ. ಪ್ರತಿಯೊಬ್ಬರೂ ಒಂದೊಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ಹೊರಗೆ ಹೋಗಬೇಕು. ಬೆಲ್ಲ ತಿಂದರೆ ಗಂಟಲಿನ ಧೂಳು ಕೆಳಗಿಳಿದು ಬೆಳಿಗ್ಗೆ ಹೊರಗೆ ಹೋಗುತ್ತದೆ ಎಂಬುದು ನಮ್ಮಲ್ಲಿ ಅಪ್ಪ ಅಜ್ಜಂದಿರಿಂದ ಬಂದ ಮಾತು. ಶಹಾಬಾದಿನಲ್ಲೂ ವಾಡಿಯಲ್ಲೂ ಇದನ್ನು ನಂಬದವರನ್ನು ನಾನು ಕಂಡಿರಲಿಲ್ಲ. ಬೆಲ್ಲ ಕೊಡುವ ಸಾಹುಕಾರರೆಂದರೆ ತಾಯಿ ಇದ್ದ ಹಾಗೆ. ಪಂಪು ರಿಪೇರಿ ಮಾಡಿಸಿರಿ ಎಂದು ನಾವು ಯಾರೂ ಕೇಳಲಿಲ್ಲ. ಬೆಲ್ಲ ಕಪ್ಪಾಗಿದ್ದರೆ ಮಾತ್ರ ತಕರಾರು ಮಾಡುತ್ತಿದ್ದೆವು.

ನನಗೆ ಕೆಮ್ಮು ಹತ್ತಿತ್ತು. ಮೊದಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಮಾತಿನ ನಡುವೆ. ಒಂದು ದಿನ ಸುಜಾತಾ ಏನೂ ಹೇಳದೆ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದಳು. ಟಿಬಿ ಅಲ್ಲ, ಕಲ್ಲಿನ ಧೂಳು ಒಳಗೆ ಹೋಗಿ ಕೂತಿದೆ, ಕೂತದ್ದು ಹೊರಗೆ ಬರುವುದಿಲ್ಲ, ಇನ್ನು ಮುಂದೆ ಹೋಗದಂತೆ ನೋಡಿಕೊಳ್ಳಬಹುದು ಎಂದರು ಡಾಕ್ಟರು. ಬೆಲ್ಲದ ವಿಷಯ ನಾನು ಕೇಳಿದೆ. ಬೆಲ್ಲ ಹೋಗುವ ದಾರಿ ಬೇರೆ, ಧೂಳು ಹೋಗುವ ದಾರಿ ಬೇರೆ ಎಂದು ಅವರು ತಮ್ಮ ಎದೆ ಹೊಟ್ಟೆ ಮುಟ್ಟಿ ತೋರಿಸಿದರು. ತಿರುಗಿ ಬರುವಾಗ ನಾನು ತಂಗಿಯಿಂದ ಮಾತು ತೆಗೆದುಕೊಂಡೆ: ಹೆಂಡತಿಗೆ ಹೇಳಬಾರದು, ಊರಿಗಂತೂ ಬೇಡವೇ ಬೇಡ. ಫೋಟೋವನ್ನು ಮನೆಯಲ್ಲಿಡಲು ಧೈರ್ಯವಾಗಲಿಲ್ಲ. ಅವಳು ಅದನ್ನು ಗ್ರಂಥಾಲಯದ ಕಪಾಟಿನಲ್ಲಿ ಹಾಳೆಯಲ್ಲಿ ಸುತ್ತಿಟ್ಟಳು.

ನನ್ನ ಹೆಸರು ಹೇಳದೆ ಸುಜಾತಾ ಕೆಲಸ ಶುರು ಮಾಡಿದಳು. ಧೂಳಿನ ಜಡ್ಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ತರಿಸಿ ಸಂಜೆ ಓದಿದಳು. ನೀರು ಬಿಟ್ಟು ಕೊಯ್ಯಬೇಕೆಂದು ಓದಿದಳು, ಬೆಲ್ಲದಿಂದ ಏನೂ ಆಗುವುದಿಲ್ಲವೆಂದು ಓದಿದಳು. ಖಣಿಯಿಂದ ಬಂದವರು ಬೆಲ್ಲ ಚೀಪುತ್ತಲೇ ಕೇಳುತ್ತಿದ್ದರು. ಕೆಲವರಿಗೆ ಸಿಟ್ಟು ಬಂತು. ಆದರೆ ನನ್ನ ಗೆಳೆಯ ಮೈಬೂಬನಂಥ ಕೆಲವರು ಸುಮ್ಮನೆ ಯೋಚನೆಗೆ ಬಿದ್ದರು. ಮೈಬೂಬ ಮತ್ತು ನಾನು ಒಂದೇ ಮಷೀನಿನ ಎರಡು ಬದಿಗೆ ನಿಂತು ಕೆಲಸ ಕಲಿತವರು. ಅವನೂ ಇನ್ನು ಕೆಲವರೂ ಎದೆಯ ಫೋಟೋ ತೆಗೆಸಿಕೊಳ್ಳುತ್ತೇವೆಂದು ಒಪ್ಪಿದರು. ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುವುದೆಂದಾಯಿತು.

ಸಾಹುಕಾರರು ನನ್ನನ್ನು ಕರೆದರು. ಆಗಷ್ಟೇ ನನ್ನನ್ನು ಮುಕಾದಮ ಮಾಡಿದ್ದರು. ಆಳುಗಳ ಮೇಲ್ವಿಚಾರಣೆ, ಕುಳಿತುಕೊಳ್ಳಲು ಒಂದು ಕುರ್ಚಿ. ಅವರು ಬೆದರಿಸಲಿಲ್ಲ. ಚಹಾ ತರಿಸಿದರು. "ನಿಮ್ಮ ತಂಗಿ ಓದಿದಾಕಿ, ನಾ ಏನೂ ಅನ್ನಂಗಿಲ್ಲ. ಗ್ರಾಮಸಭಾದಾಗ ಮಾತ ಬರ್ತದ. ನೀನೇ ಎದ್ದು ನಿಂತು ಎರಡ ಮಾತ ಹೇಳಿದರ ಛಲೋ" ಎಂದರು.

ಕುರ್ಚಿ ಹೋಗುತ್ತದೆಂದು ಹೆದರಿ ಹೇಳಿದೆ ಎಂದರೆ ನೀವು ನನ್ನನ್ನು ಕ್ಷಮಿಸಿಬಿಡುತ್ತೀರಿ. ಬಡವನ ಹೆದರಿಕೆಗೆ ಎಲ್ಲರೂ ಮಾಫಿ ಕೊಡುತ್ತಾರೆ. ಆದರೆ ಹೆದರಿಕೆ ಅದರಲ್ಲಿ ಅರ್ಧದಷ್ಟೂ ಇರಲಿಲ್ಲ. ನನ್ನ ವಯಸ್ಸಿನ ಗಂಡಸರು, ನನ್ನ ಕೈಕೆಳಗಿನ ಆಳುಗಳು, ಸಂಜೆಯಾದರೆ ನನ್ನ ತಂಗಿಯ ಮುಂದೆ ಕೆಳಗೆ ಕೂತು ಅವಳ ಬಾಯಿ ನೋಡುತ್ತಾರೆ. ಹಗಲಿನಲ್ಲಿ ನಾನು ಹೇಳಿದ್ದನ್ನು ಹಾಗೆ ಕೇಳುವುದಿಲ್ಲ. ಶಾಲೆ ಬಿಟ್ಟು ಓದಿಸಿದವನು ನಾನು ಎಂದು ಊರ ಮುಂದೆ ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು. ನಾನು ಕೊಟ್ಟ ಓದಿನಿಂದ ಅವಳು ನನ್ನನ್ನೇ ಜಡ್ಡಿನವನನ್ನಾಗಿ ಮಾಡಿದ್ದಾಳೆ ಎಂಬ ಉರಿ ಒಳಗಿತ್ತು. ಧೂಳಿಗಿಂತ ಮೊದಲು ಅದೇ ಕೂತಿತ್ತು ಅಂತ ಕಾಣುತ್ತದೆ.

ಗ್ರಾಮಸಭೆ ಪಂಚಾಯಿತಿಯ ಅಂಗಳದಲ್ಲಿ ನಡೆಯಿತು. ನಳದ ನೀರು, ಗಟಾರು ಎಲ್ಲ ಮುಗಿದ ಮೇಲೆ ಒಬ್ಬ ಮೆಂಬರು ಗ್ರಂಥಾಲಯದ ಮಾತೆತ್ತಿದ. ಪುಸ್ತಕ ಕೊಡುವುದು ಬಿಟ್ಟು ಮಂದಿಗೆ ರೋಗ ಹಚ್ಚುವ ಕೆಲಸ ನಡೆದಿದೆ ಎಂದ. ಸುಜಾತಾ ಎದ್ದು ತಾನು ಕಟ್ಟೆಯ ಮೇಲೆ ಓದುತ್ತಿದ್ದದ್ದನ್ನೇ ಸಭೆಯ ಮುಂದೆಯೂ ಓದಿದಳು. ಅವಳು ಕೂಡ್ರುವುದಕ್ಕೂ ಮೊದಲು ನಾನು ಎದ್ದು ನಿಂತೆ. ಅಂಗಿಯ ಕಿಸೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ಹೋಗಿದ್ದೆ. ಅದನ್ನು ಸಾಹುಕಾರರು ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿ. ಎಲ್ಲರಿಗೂ ಕಾಣುವಂತೆ ಕಚ್ಚಿ ತಿಂದು ಹೇಳಿದೆ:

"ನಾ ಇದೇ ಧೂಳಿನಾಗ ಬೆಳದಾಂವ. ದಿನಾ ಬೆಲ್ಲ ತಿಂತೀನಿ. ನನಗೇನಾಗ್ಯಾದ ನೋಡ್ರಿ, ಕಲ್ಲಿನಂಗ ಅದೀನಿ. ಪುಸ್ತಕ ಓದಿದವರಿಗಿ ಎಲ್ಲಾರೂ ಜಡ್ಡಿನವರೇ ಕಾಣ್ತಾರ."

ಮಂದಿ ನಕ್ಕರು. ಮೈಬೂಬ ಎಲ್ಲರಿಗಿಂತ ಜೋರಾಗಿ ನಕ್ಕ. ಅದು ಹಗುರಾದವನ ನಗು. ಇಷ್ಟು ದಿನ ಎದೆಯಲ್ಲಿ ಹೊತ್ತಿದ್ದ ಭಾರವನ್ನು ನಾನು ಇಳಿಸಿಬಿಟ್ಟಿದ್ದೆ. ಮೆಂಬರು ಸುಜಾತಾಳ ಕಡೆ ತಿರುಗಿ, "ಏನವಾ, ನಿಮ್ಮಣ್ಣನೇ ಹಿಂಗ ಅಂತಾನ. ಈಗ ನೀ ಏನಂತಿ?" ಎಂದ.

ಅವಳ ಕೈಯಲ್ಲಿ ಗ್ರಂಥಾಲಯದ ಕೀಲಿಗೊಂಚಲು ಇತ್ತು. ಕಪಾಟು ಅಲ್ಲೇ, ಗೋಡೆಯ ಆಚೆ. ಒಂದು ಮಾತು ಅಂದಿದ್ದರೆ, ಹೋಗಿ ಆ ಹಾಳೆ ಬಿಚ್ಚಿದ್ದರೆ, ನಾನು ಅಲ್ಲಿಯೇ ನೆಲಕ್ಕಿಳಿಯುತ್ತಿದ್ದೆ. ಅವಳು ನನ್ನನ್ನು ನೋಡಲೂ ಇಲ್ಲ.

"ಅವನ ಮೈ ವಿಷಯ ಅವನೇ ಹೇಳಬೇಕ್ರಿ. ನಾ ಹೇಳಂಗಿಲ್ಲ" ಎಂದಳು.

ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತಿದ್ದೆ. ನನ್ನ ಸುಳ್ಳಿಗೆ ನಾನು ಇಟ್ಟ ಬುನಾದಿ ಅವಳ ಪ್ರಾಮಾಣಿಕತೆ. ಇದಕ್ಕಿಂತ ಹೊಲಸು ಕೆಲಸ ನಾನು ಮಾಡಿಲ್ಲ, ಮಾಡಲಿಕ್ಕೆ ಇನ್ನು ಉಸಿರೂ ಉಳಿದಿಲ್ಲ.

ಸೋಮವಾರ ಮುಂಜಾನೆ ಅವಳು ಒಬ್ಬಳೇ ಬಸ್ಸಿನ ಹತ್ತಿರ ನಿಂತಿದ್ದಳು. ಯಾರೂ ಬರಲಿಲ್ಲ. ಸಂಜೆಯ ಓದು ನಿಂತಿತು. ಪೇಪರು ಇಡಬೇಕು, ಪುಸ್ತಕಕ್ಕೆ ಸಿಕ್ಕಾ ಹೊಡೆಯಬೇಕು, ಅಷ್ಟೇ ಎಂದು ಪಂಚಾಯಿತಿಯವರು ಅವಳಿಗೆ ಹೇಳಿದರು. ಮನೆಯಲ್ಲಿ ಜಗಳವಾಡುತ್ತಾಳೆಂದು ನಾನು ಕಾದೆ. ಜಗಳವಾಡಿದ್ದರೆ ನನಗೂ ನಾಲ್ಕು ಮಾತು ಆಡಿ ಕೈತೊಳೆದುಕೊಳ್ಳಬಹುದಿತ್ತು. ಅವಳು ಎಂದಿನಂತೆ ನನ್ನ ತಾಟಿಗೆ ರೊಟ್ಟಿ ಹಾಕಿದಳು. ಸ್ವಲ್ಪ ದಿನದ ಮೇಲೆ ಸುಲೇಪೇಟದಲ್ಲಿ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿ, ಬಟ್ಟೆ ಕಟ್ಟಿಕೊಂಡಳು. ಹೋಗುವ ಮುಂಚೆ ಹಾಳೆಯಲ್ಲಿ ಸುತ್ತಿದ ಫೋಟೋ ತಂದು ನನ್ನ ಕೈಯಲ್ಲಿಟ್ಟಳು. "ಇದು ನಿನ್ನದು ಅಣ್ಣಾ. ಕಪಾಟಿನ ಕೀಲಿ ಇನ್ನ ಬ್ಯಾರೆಯವರ ಕೈಗಿ ಹೋಗ್ತದ" ಎಂದಳು. ಹೊರಡುವಾಗ ನನ್ನ ಮಾನ ಕಾಯುವ ಚಿಂತೆ ಅವಳಿಗೆ.

ಮೈಬೂಬನನ್ನು ಕಲಬುರಗಿಗೆ ಒಯ್ದದ್ದು ಅವನು ಹಾಸಿಗೆಯಿಂದ ಏಳಲಾರದಂತಾದಾಗ. ಆಮೇಲೆ ಬಹಳ ದಿನ ಇರಲಿಲ್ಲ. ಮಣ್ಣಿಗೆ ಹೋಗಿ ಬಂದು, ನಾಲ್ಕು ದಿನ ಬಿಟ್ಟು ಅವನ ಮನೆಗೆ ಹೋದೆ. ಅವನ ಹೆಂಡತಿ ನನಗೆ ಚಾಪೆ ಹಾಸಿ, ಚಹಾ ಕೊಟ್ಟು ಹೇಳಿದಳು: "ಒಂದೇ ಮಷೀನಿನ ಮ್ಯಾಲ ಕೆಲಸಾ ಮಾಡಿದವರು ಭಾಯ್ ನೀವು. ನಿಮ್ಮ ಎದಿ ಗಟ್ಟಿ ಅದ, ಅವರದ್ ಇರಲಿಲ್ಲ. ಅಲ್ಲಾನ ಮರ್ಜಿ." ನಾನು ಚಹಾ ಕುಡಿದು ಎದ್ದು ಬಂದೆ. ನನ್ನ ಸುಳ್ಳನ್ನು ಈಗ ಅಲ್ಲಾನ ಹೆಸರಿಗೂ ಬರೆದಿದ್ದಾಯಿತು.

ಆರೋಗ್ಯ ಅಂದರೇನು ಎಂದು ಈಗ ದಮ್ಮು ಹತ್ತಿ ನೌಕರಿ ಹೋಗಿ ಕೆಲಸವಿಲ್ಲದೆ ಕೂತಾಗ ಯೋಚಿಸುತ್ತೇನೆ. ನಮ್ಮಲ್ಲಿ ಪಾಳಿ ತಪ್ಪಿಸದವನು ಆರೋಗ್ಯವಂತ. ಕಲ್ಲು ಎತ್ತುವವನು ಆರೋಗ್ಯವಂತ, ಎತ್ತಿ ಇಳಿಸಿದ ಮೇಲೆ ಅವನು ಎಲ್ಲಿ ಹೋಗಿ ಕೂತ ಎಂದು ಯಾರೂ ನೋಡುವುದಿಲ್ಲ. ಸಾಹುಕಾರರು ಈಚೆಗೆ ಕೈಗೆ ಒಂದು ಗಡಿಯಾರ ಕಟ್ಟಿಕೊಂಡು ಮುಂಜಾನೆ ಶಾಲೆಯ ಮೈದಾನ ಸುತ್ತುತ್ತಾರೆ. ಅದು ಅವರ ಎದೆಬಡಿತ ಎಣಿಸುತ್ತದಂತೆ, ನಿದ್ದೆಯನ್ನೂ ಅಳೆಯುತ್ತದಂತೆ. ಒಳ್ಳೆಯದೇ. ಎದೆಯೊಳಗೆ ಏನು ನಡೆದಿದೆ ಎಂದು ತಿಳಿದುಕೊಳ್ಳುವ ಆಸೆ ಅವರಿಗೂ ಇದೆ ಎಂದಾಯಿತು. ಗ್ರಂಥಾಲಯವೂ ಸುಧಾರಿಸಿದೆ. ಗೋಡೆಗೆ ಬಣ್ಣ, ಟಿವಿ, ಒತ್ತಿದರೆ ಪುಸ್ತಕ ತೋರಿಸುವ ಹಲಗೆಗಳು. ದಿನಾ ನಡೆಯಿರಿ, ಬಿಸಿನೀರು ಕುಡಿಯಿರಿ, ನಗುನಗುತ್ತ ಇರಿ ಎಂದು ಗೋಡೆ ತುಂಬ ಬರೆದಿದ್ದಾರೆ. ಒಂದೂ ಸುಳ್ಳಲ್ಲ. ನಾನು ಅಲ್ಲಿ ದಿನಾ ಹೋಗಿ ಪೇಪರು ಓದುತ್ತೇನೆ. ನೀವು ಓದುತ್ತಿರುವ ಈ ನಾಲ್ಕು ಸಾಲಿನ ಕನ್ನಡ ನನಗೆ ಬಂದದ್ದು ಹಾಗೆ, ಅವಳು ಹೋದ ಮೇಲೆ. ಅಲ್ಲಿ ಎಲ್ಲವೂ ಸಿಗುತ್ತದೆ, ನಿನಗೇನಾಗಿದೆ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ. ಅವಳನ್ನು ಓಡಿಸಿದವನು ನಾನೇ ಆದ್ದರಿಂದ ಈ ದೂರು ಹೇಳುವ ಹಕ್ಕೂ ನನಗಿಲ್ಲ.

ಆ ಚಹಾದಂಗಡಿ ಕಂಡ ದಿನ ಸೇಡಂನಿಂದ ಬಸ್ಸು ಹಿಡಿದು ಸುಲೇಪೇಟಕ್ಕೆ ಹೋದೆ. ವಾಡಿಯಿಂದ ರೈಲಿನಲ್ಲಿ ಚಿತ್ತಾಪುರ ದಾಟಿ ಬರುವಾಗಿನಿಂದಲೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತಲೇ ಇದ್ದೆ. ಹಾಸ್ಟೆಲ್ಲಿನ ಅಂಗಳದಲ್ಲಿ ಸುಜಾತಾ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ತಲೆ ನರೆತಿದೆ. ನಾನು ಎಲ್ಲ ಹೇಳಿದೆ: ಬೆಲ್ಲ, ಕುರ್ಚಿ, ಹೊಟ್ಟೆಯುರಿ, ಮೈಬೂಬನ ಹೆಂಡತಿಯ ಮಾತು. ಹೇಳಿ ಮುಗಿಸುವುದರಲ್ಲಿ ಎರಡು ಸಲ ದಮ್ಮು ಹತ್ತಿತು. ಅವಳು ನೀರು ತಂದುಕೊಟ್ಟು, ನಾನು ಉಸಿರು ಹಿಡಿಯುವ ತನಕ ಕಾದಳು.

"ನನ್ ಮುಂದ ಹೇಳಿದರ ಏನ್ ಬಂತು ಅಣ್ಣಾ? ನನಗ ಅವತ್ತೇ ಗೊತ್ತಿತ್ತಲ್ಲ. ಗೊತ್ತಿರಲಾರದವರು ಅಲ್ಲಿ ಅದಾರ."

ಅಷ್ಟು ಹೇಳಿ ಮತ್ತೆ ಮೊರ ಕೈಗೆತ್ತಿಕೊಂಡಳು. ಡಾಕ್ಟರು ಕೊಟ್ಟ ದಮ್ಮಿನ ಪಂಪು ಸರಿಯಾಗಿ ಎಳೆದುಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳಿದಳು. ಕ್ಷಮೆಯ ಮಾತು ಅವಳೂ ಎತ್ತಲಿಲ್ಲ, ನನಗೂ ಕೇಳಲು ಬಾಯಿ ಬರಲಿಲ್ಲ.

ನಿಮ್ಮ ಮುಂದೆ ಹೇಳಿದ್ದೂ ಅಷ್ಟೇ ಸಸ್ತಾ ಕೆಲಸ ಎಂದು ನನಗೆ ಗೊತ್ತಿದೆ. ನೀವು ಆ ಧೂಳು ಕುಡಿಯುವವರಲ್ಲ.

ಆದ್ದರಿಂದ ನಿನ್ನೆ ಖಣಿಯ ಹತ್ತಿರದ ಶೆಡ್ಡಿಗೆ ಹೋದೆ. ಈಗ ನಾನು ಅಲ್ಲಿಯ ಮುಕಾದಮನಲ್ಲ, ಏನೂ ಅಲ್ಲ. ಚಹಾದ ಹೊತ್ತು. ಒಂದು ಮಷೀನು ಮಾತ್ರ ಒಣದೇ ಕೊಯ್ಯುತ್ತಿತ್ತು, ಉಳಿದವರು ಕಲ್ಲಿನ ರಾಶಿಯ ಮೇಲೆ ಕುಳಿತಿದ್ದರು. ಗ್ರಾಮಸಭೆಯಲ್ಲಿ ನಾನು ಹೇಳಿದ್ದು ಸುಳ್ಳು, ಆಗಲೇ ನನ್ನ ಎದೆಯಲ್ಲಿ ಧೂಳು ಕೂತಿತ್ತು, ಡಾಕ್ಟರು ಹೇಳಿದ್ದರು ಎಂದು ಹೇಳಿದೆ. ಹಳೆಯ ಆಳು ಶರಣಪ್ಪ ಕಪ್ಪು ಕೆಳಗಿಟ್ಟು, "ಅವತ್ತ ಸುಳ್ಳ ಹೇಳಿದ್ದೆ ಅಂತೀರಿ. ಇವತ್ತ ಖರೇ ಹೇಳಾಕತ್ತೀರಿ ಅಂತ ಹೆಂಗ ನಂಬಬೇಕ್ರಿ ಮುಕಾದಮ? ನೌಕರಿ ಹೋಗ್ಯಾದಂತ ಸಾವ್ಕಾರ್ ಮ್ಯಾಲ ಸಿಟ್ಟೇನು?" ಎಂದ.

ನನ್ನನ್ನು ನಂಬಬೇಡಿರಿ, ಅವತ್ತು ನನ್ನ ತಂಗಿ ಓದಿದ್ದನ್ನು ನಂಬಿರಿ ಎಂದೆ.

"ಏನ ಓದಿದ್ದಳ್ರಿ ಅವತ್ತ?" ಎಂದ ಅವನು. ಕುಹಕವಿರಲಿಲ್ಲ, ನಿಜವಾಗಿ ಕೇಳಿದ. ಅವನಿಗೆ ಮರೆತಿತ್ತು. ಅವನ ಪಕ್ಕದಲ್ಲಿದ್ದವರು ಆಮೇಲೆ ಬಂದು ಸೇರಿದವರು.

ನಾನು ಬಾಯಿ ತೆರೆದೆ. ನೀರು ಬಿಡಬೇಕು, ಬೆಲ್ಲ ಬೇಡ, ಇಷ್ಟು ನೆನಪಿಗೆ ಬಂತು. ಎಷ್ಟು ನೀರು, ಮೂಗಿಗೆ ಎಂಥ ಬಟ್ಟೆ, ಯಾವಾಗ ಫೋಟೋ ತೆಗೆಸಬೇಕು, ಯಾರ ಹತ್ತಿರ ಹೋಗಿ ಏನು ಕೇಳಬೇಕು, ಒಂದೂ ನೆನಪಾಗಲಿಲ್ಲ. ಅವಳು ಓದುವಾಗ ನಾನು ಕೇಳಿಯೇ ಇರಲಿಲ್ಲ. ನನ್ನ ಪಾಳಿ ಯಾವಾಗ ಬರುತ್ತದೆಂದು ಕಿಸೆಯಲ್ಲಿ ಕೈಯಿಟ್ಟು ಕೂತಿದ್ದೆ. ಅವತ್ತಿನದು ನನಗೆ ಅಕ್ಷರ ತಪ್ಪದೆ ನೆನಪಿರುವುದು ನನ್ನ ಮಾತೊಂದೇ.

ಫೋನು ತೆಗೆದು ಅವಳಿಗೆ ಹಚ್ಚಿದೆ. ಸ್ಪೀಕರ್ ಮಾಡಿ ಕಲ್ಲಿನ ಮೇಲಿಟ್ಟು, ಅವತ್ತು ಓದಿದ್ದನ್ನು ಇನ್ನೊಮ್ಮೆ ಹೇಳುತ್ತೀಯಾ ಎಂದು ಕೇಳಿದೆ.

"ಮಂದಿ ಅದಾರೇನು?"

ಅದಾರ ಎಂದೆ.

"ಹಂಗಾದರ ಮೊದಲ ಆ ಮಷೀನ್ ಬಂದ್ ಮಾಡಸಣ್ಣಾ. ಏನೂ ಕೇಳವಲ್ದು."

ಎಲ್ಲರೂ ಮಷೀನಿನ ಕಡೆ ನೋಡಿದರು. ಯಾರೂ ಏಳಲಿಲ್ಲ. ಬಂದ್ ಮಾಡಿದರೆ ಸಾವ್ಕಾರ್ ಕೇಳ್ತಾರ್ರಿ ಎಂದು ಶರಣಪ್ಪ ಮೆಲ್ಲಗೆ ಹೇಳಿದ. ನಾನು ಎದ್ದು, ಗೋಡೆ ಹಿಡಿದುಕೊಂಡು, ನಿಂತು ನಿಂತು ಸ್ವಿಚ್ಚಿನ ಕಡೆ ನಡೆದೆ.